ಕಾರಿಡಾರಿನಲ್ಲಿ ಕೂತ ಮಗು ಮತ್ತು ಬೈಬಲ್ ತರಗತಿ

ಬರುವ ವರ್ಷ ಹತ್ತನೆಯ ತರಗತಿಗೆ ಕಾಲಿಡಲಿರುವ ಮಗಳು ಶಾಲೆಯಿಂದ ತಂದ ವಿಷಯಗಳ ಆಯ್ಕೆಯ ಹಾಳೆ ಎರಡು ವಾರಗಳಿಂದ ನಮ್ಮ ಊಟದ ಮೇಜಿನ ಮೇಲೆಯೇ ಬಿದ್ದಿದೆ. ಕಡ್ಡಾಯ ವಿಷಯಗಳು ಮೊದಲೇ ಅಚ್ಚಾಗಿವೆ; ಕೆಳಗಿನ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಸಂಖ್ಯಾಶಾಸ್ತ್ರ, ನಾಟಕ, ಛಾಯಾಗ್ರಹಣಗಳ ನಡುವೆ ‘ಹೀಬ್ರೂ ಧರ್ಮಗ್ರಂಥ ಮತ್ತು ಹೊಸ ಒಡಂಬಡಿಕೆ’ ಎಂಬುದೂ ಒಂದು ಸಾಲಾಗಿ ಕುಳಿತಿದೆ. ನಾವಿರುವುದು ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ. ಶಾಲೆ ಸರ್ಕಾರದ್ದು, ಊರಿನವರೆಲ್ಲರ ತೆರಿಗೆಯ ಹಣದಿಂದ ನಡೆಯುವಂಥದ್ದು. ನಾವು ಕ್ರೈಸ್ತರಲ್ಲ. “ಅಮ್ಮಾ, ಇದನ್ನು ತೆಗೆದುಕೊಳ್ಳಲಾ?” ಎಂದು ಅವಳು ಕೇಳಿದಾಗ ನನ್ನ ಬಾಯಿಗೆ ಮೊದಲು ಬಂದದ್ದು ‘ಬೇಡ’ ಎಂಬ ಮಾತು. ಯಾಕೆ ಬೇಡ ಎಂದು ಮರುಕ್ಷಣವೇ ಅವಳು ಕೇಳಿದಾಗ ಹೇಳುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಓದಿದ್ದನ್ನು, ಓದಿದ ಮೇಲೆ ನನ್ನ ಮನಸ್ಸು ಬದಲಾದ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಅಮೆರಿಕದ ಸರ್ಕಾರಿ ಶಾಲೆಗಳಿಂದ ಬೈಬಲನ್ನು ಹೊರಗೆ ಹಾಕಿದ್ದಾರೆ ಎಂಬ ಮಾತನ್ನು ಇಲ್ಲಿ ಕೆಲವರು ಕೊರಗಿನಿಂದಲೂ ಕೆಲವರು ನೆಮ್ಮದಿಯಿಂದಲೂ ಹೇಳುತ್ತಾರೆ. ಕೊರಗುವವರೂ ನೆಮ್ಮದಿಪಡುವವರೂ ತಪ್ಪು ತಿಳಿದಿದ್ದಾರೆ. ಪ್ಯೂ ಸಂಶೋಧನಾ ಕೇಂದ್ರವು 2010ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಸರ್ಕಾರಿ ಶಾಲೆಯ ಶಿಕ್ಷಕರು ತರಗತಿಯಲ್ಲಿ ಪ್ರಾರ್ಥನೆ ಮಾಡಿಸುವಂತಿಲ್ಲ ಎಂಬುದು ನೂರಕ್ಕೆ 89 ಮಂದಿಗೆ ಗೊತ್ತಿತ್ತು. ಅದೇ ಶಿಕ್ಷಕರು ಬೈಬಲನ್ನು ಸಾಹಿತ್ಯವೆಂದು ತರಗತಿಯಲ್ಲಿ ಓದಬಹುದು ಎಂಬುದು ಗೊತ್ತಿದ್ದವರು ಕೇವಲ 23 ಮಂದಿ. ಉಳಿದವರ ಗುಂಪಿನಲ್ಲಿ ಎರಡು ವಾರಗಳ ಹಿಂದಿನವರೆಗೆ ನಾನೂ ಇದ್ದೆ.

ಎಲ್ಲರೂ ಬೊಟ್ಟುಮಾಡುವ ತೀರ್ಪು 1963ರ ಜೂನ್ ತಿಂಗಳಿನದು, ಅಬಿಂಗ್ಟನ್ ಶಾಲಾ ಜಿಲ್ಲೆ ಮತ್ತು ಶೆಂಪ್ ಕುಟುಂಬದ ನಡುವಿನ ಮೊಕದ್ದಮೆ. ಪ್ರತಿ ಶಾಲಾದಿನದ ಆರಂಭದಲ್ಲಿ ಬೈಬಲಿನ ಕನಿಷ್ಠ ಹತ್ತು ವಚನಗಳನ್ನು ಯಾವ ವ್ಯಾಖ್ಯಾನವೂ ಇಲ್ಲದೆ ಓದಬೇಕೆಂದು ಪೆನ್ಸಿಲ್ವೇನಿಯ ರಾಜ್ಯದ ಕಾನೂನು ವಿಧಿಸಿತ್ತು. 1956ರಲ್ಲಿ ಹದಿನಾರರ ಹರೆಯದ ಎಲೆರಿ ಶೆಂಪ್ ಎಂಬ ವಿದ್ಯಾರ್ಥಿ ಬೆಳಗಿನ ಆ ಓದಿನ ಹೊತ್ತಿನಲ್ಲಿ ಕುರಾನನ್ನು ತೆರೆದು ತನ್ನಷ್ಟಕ್ಕೆ ಓದಿಕೊಳ್ಳುತ್ತ ಕುಳಿತ. ಪ್ರಾಂಶುಪಾಲರ ಕೋಣೆಯಿಂದ ಆರಂಭವಾದ ಆ ವಿವಾದ ಏಳು ವರ್ಷಗಳ ಬಳಿಕ ಸುಪ್ರೀಂ ಕೋರ್ಟಿನಲ್ಲಿ ಎಂಟು ಮತ್ತು ಒಂದರ ಬಹುಮತದಿಂದ ಇತ್ಯರ್ಥವಾಯಿತು. ಕಾನೂನು ಬಿದ್ದುಹೋಯಿತು. ಆದರೆ ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಟಾಮ್ ಕ್ಲಾರ್ಕ್ ಅದರಲ್ಲೇ ಇನ್ನೊಂದು ಮಾತನ್ನೂ ಸೇರಿಸಿದ್ದರು: ಧರ್ಮಗಳ ಇತಿಹಾಸವನ್ನೂ ಅವುಗಳ ತುಲನೆಯನ್ನೂ ಅರಿಯದ ಶಿಕ್ಷಣ ಪೂರ್ಣವಲ್ಲವೆಂದು ಹೇಳಬಹುದು, ಲೌಕಿಕ ಶಿಕ್ಷಣದ ಭಾಗವಾಗಿ, ವಸ್ತುನಿಷ್ಠವಾಗಿ ಬೈಬಲನ್ನು ಅಧ್ಯಯನ ಮಾಡುವುದಕ್ಕೆ, ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಕೂಡದೆನ್ನುವ ಸಂವಿಧಾನದ ಮೊದಲನೆಯ ತಿದ್ದುಪಡಿ ಅಡ್ಡಬರುವುದಿಲ್ಲ.

ಆ ಕಾನೂನಿನ ‘ವ್ಯಾಖ್ಯಾನವಿಲ್ಲದೆ’ ಎಂಬ ಪದದ ಮೇಲೆ ನನ್ನ ಕಣ್ಣು ಬಹಳ ಹೊತ್ತು ನಿಂತಿತ್ತು. ವ್ಯಾಖ್ಯಾನವಿಲ್ಲದೆ ಓದಿಸಿದರೆ ಪಕ್ಷಪಾತ ಬರುವುದಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ ಎಂದು ಕಾನೂನು ಮಾಡಿದವರು ಭಾವಿಸಿದ್ದಿರಬೇಕು. ಆದರೆ ಒಂದು ಪಠ್ಯವನ್ನು ಎದ್ದುನಿಂತು ಗಟ್ಟಿಯಾಗಿ ಓದಿ, ಅದರ ಬಗ್ಗೆ ಯಾರೂ ತುಟಿಪಿಟಕ್ಕೆನ್ನಬಾರದು ಎಂದರೆ ಅದು ಪಾರಾಯಣವಾಯಿತು, ಪಾಠವಾಗಲಿಲ್ಲ. ಪ್ರಶ್ನೆ, ಆಕ್ಷೇಪ, ‘ಇದನ್ನು ಬರೆದವರು ಯಾರು, ಯಾವಾಗ, ಯಾರಿಗಾಗಿ’ ಎಂಬ ವಿಚಾರಣೆ ಇವೆಲ್ಲ ಸೇರಿದಾಗ ಮಾತ್ರ ಅದು ಪಾಠವಾಗುತ್ತದೆ. ಹಾಗಾಗಿ ನ್ಯಾಯಾಲಯ ನಿಷೇಧಿಸಿದ್ದು ವ್ಯಾಖ್ಯಾನವಿಲ್ಲದ ಓದನ್ನು. ವ್ಯಾಖ್ಯಾನ ಸಹಿತವಾದ ಓದಿಗೆ ಅದು ಬಾಗಿಲನ್ನು ತೆರೆದೇ ಇಟ್ಟಿತು. ಬೈಬಲ್ ತರಗತಿ ಬೇಕೆಂದು ಬೀದಿಗಿಳಿಯುವವರಲ್ಲಿ ಹಲವರಿಗೆ ಬೇಕಾಗಿರುವುದು ಮೊದಲನೆಯದು, ಬೇಡವೆನ್ನುವವರಲ್ಲಿ ಹಲವರು ಹೆದರುವುದೂ ಮೊದಲನೆಯದಕ್ಕೇ. ಎರಡನೆಯದನ್ನು ಕೇಳುವವರೇ ಕಡಿಮೆ ಎಂಬುದು ಈ ಜಗಳದ ವಿಚಿತ್ರ.

ಶೆಂಪ್ ಮೊಕದ್ದಮೆಯಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಮಕ್ಕಳ ತಂದೆಯ ಸಾಕ್ಷ್ಯ. ಇಷ್ಟವಿಲ್ಲದ ಮಕ್ಕಳು ಓದಿನ ಹೊತ್ತಿಗೆ ಹೊರಗೆ ಹೋಗಬಹುದೆಂಬ ವಿನಾಯಿತಿ ಆ ಕಾನೂನಿನಲ್ಲಿತ್ತು. ಹಾಗಿದ್ದರೂ ತಾನು ವಿನಾಯಿತಿಯನ್ನು ಏಕೆ ಕೇಳಲಿಲ್ಲವೆಂದು ಅವರು ವಿವರಿಸಿದರು: ಸಹಪಾಠಿಗಳೂ ಶಿಕ್ಷಕರೂ ತನ್ನ ಮಕ್ಕಳನ್ನು ವಿಚಿತ್ರ ಪ್ರಾಣಿಗಳೆಂದು ನೋಡುತ್ತಾರೆ, ಬೈಬಲ್ ಓದುವುದಕ್ಕೆ ಒಲ್ಲೆನೆಂದವರನ್ನು ಜನ ನಾಸ್ತಿಕರೆನ್ನುತ್ತಾರೆ, ಆ ಕಾಲದ ಅಮೆರಿಕದಲ್ಲಿ ನಾಸ್ತಿಕನೆಂದರೆ ಕಮ್ಯುನಿಸ್ಟ್ ಎಂದೇ ಅರ್ಥ, ಎಲ್ಲಕ್ಕಿಂತ ಮೇಲಾಗಿ, ತರಗತಿ ನಡೆಯುವಾಗ ಕಾರಿಡಾರಿನಲ್ಲಿ ನಿಂತ ಮಗುವನ್ನು ಕಂಡವರು ಅದು ತಪ್ಪುಮಾಡಿ ಶಿಕ್ಷೆ ಅನುಭವಿಸುತ್ತಿದೆ ಎಂದುಕೊಳ್ಳುತ್ತಾರೆ. ಅದಕ್ಕೆ ಹದಿನೈದು ವರ್ಷ ಮೊದಲು, 1948ರಲ್ಲಿ ತೀರ್ಮಾನವಾದ ಮೆಕಾಲಮ್ ಮೊಕದ್ದಮೆಯಲ್ಲೂ ಇದೇ ಕಾರಿಡಾರ್ ಕಾಣಿಸಿಕೊಳ್ಳುತ್ತದೆ. ಇಲಿನಾಯ್ ರಾಜ್ಯದ ಶಾಂಪೇನ್ ಪಟ್ಟಣದಲ್ಲಿ ಹೊರಗಿನ ಧರ್ಮಬೋಧಕರು ಶಾಲೆಯ ವೇಳೆಯಲ್ಲಿ, ಶಾಲೆಯ ಕೋಣೆಯಲ್ಲಿಯೇ ಪಾಠ ಹೇಳುತ್ತಿದ್ದರು. ಅದಕ್ಕೆ ಸೇರದ ಮೆಕಾಲಮ್ ಮನೆಯ ಹುಡುಗನನ್ನು ಕಾರಿಡಾರಿನ ಮೇಜೊಂದರಲ್ಲಿ ಒಬ್ಬನನ್ನೇ ಕೂರಿಸಿದ್ದರು. ತುಂಟ ಮಕ್ಕಳನ್ನು ಕೂರಿಸುವ ಜಾಗವೂ ಅದೇ ಆಗಿತ್ತು. ಆ ಪದ್ಧತಿಯನ್ನೂ ಸುಪ್ರೀಂ ಕೋರ್ಟ್ ರದ್ದುಮಾಡಿತು. ನಾಲ್ಕು ವರ್ಷಗಳ ನಂತರ, ಮಕ್ಕಳು ಶಾಲೆಯ ಆವರಣದಿಂದ ಹೊರಗೆ ಹೋಗಿ ಧರ್ಮಪಾಠ ಕೇಳಿಬರುವುದಾದರೆ ಅಡ್ಡಿಯಿಲ್ಲವೆಂದು ಅದೇ ನ್ಯಾಯಾಲಯ ಹೇಳಿತು.

ಯಾವುದೇ ಬೈಬಲ್ ತರಗತಿಯನ್ನು ಅಳೆಯುವುದಕ್ಕೆ ಒಳಗೆ ಕೂತ ಮಗುವಿಗೆ ಏನು ಸಿಗುತ್ತದೆ ಎಂಬುದಕ್ಕಿಂತ ಹೊರಗೆ ಉಳಿದ ಮಗು ಎಲ್ಲಿ ಕೂರುತ್ತದೆ ಎಂಬುದು ಮೊದಲ ಪ್ರಶ್ನೆಯಾಗಬೇಕು ಎಂದು ನನಗೆ ಅನ್ನಿಸಿದ್ದು ಇದನ್ನು ಓದಿದ ರಾತ್ರಿ. ಹೈಸ್ಕೂಲಿನ ಐಚ್ಛಿಕ ವಿಷಯದಲ್ಲಿ ಈ ಪ್ರಶ್ನೆಗೆ ತಕ್ಕಮಟ್ಟಿಗೆ ಉತ್ತರವಿದೆ: ಅದನ್ನು ಆರಿಸಿಕೊಳ್ಳದ ಹುಡುಗಿ ನಾಟಕದ ತರಗತಿಯಲ್ಲೋ ಸಂಖ್ಯಾಶಾಸ್ತ್ರದಲ್ಲೋ ಇರುತ್ತಾಳೆ, ಅವಳು ಅಲ್ಲಿರುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಅಲ್ಲಿ ಇಡೀ ತರಗತಿ ಒಂದೇ ಮಂದೆಯಾಗಿ ಚಲಿಸುತ್ತದೆ. ಏಳು ವರ್ಷದ ಮಗುವೊಂದು ಎದ್ದು ಬೇರೆ ಕೋಣೆಗೆ ನಡೆದರೆ ಮೂವತ್ತು ಜೊತೆ ಕಣ್ಣುಗಳು ಅದರ ಬೆನ್ನ ಮೇಲಿರುತ್ತವೆ.

ಇದು ಬರಿಯ ಊಹೆಯಲ್ಲ. ಟೆನೆಸಿ ರಾಜ್ಯದ ಡೇಟನ್ ಪಟ್ಟಣ 1925ರ ‘ಕೋತಿ ವಿಚಾರಣೆ’ಯಿಂದ, ಅಂದರೆ ವಿಕಾಸವಾದವನ್ನು ಪಾಠ ಹೇಳಿದ ಶಿಕ್ಷಕರೊಬ್ಬರ ಮೇಲೆ ನಡೆದ ಮೊಕದ್ದಮೆಯಿಂದ ಹೆಸರಾದ ಊರು. ಆ ಊರಿರುವ ರೇ ಕೌಂಟಿಯ ಪ್ರಾಥಮಿಕ ಶಾಲೆಗಳಲ್ಲಿ ಅಲ್ಲಿನ ಬ್ರಯನ್ ಕಾಲೇಜಿನ ವಿದ್ಯಾರ್ಥಿಗಳು ವಾರಕ್ಕೆ ಅರ್ಧ ಗಂಟೆ ಬೈಬಲ್ ಪಾಠ ಹೇಳುತ್ತ ಬಂದಿದ್ದರು. ಐವತ್ತೊಂದು ವರ್ಷ ಅದು ಹಾಗೆಯೇ ನಡೆಯಿತು. 2002ರಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ನಿಲ್ಲಿಸಿದಾಗ ದಾವೆ ಹೂಡಿದ್ದ ಪೋಷಕರು ತಮ್ಮ ಹೆಸರನ್ನು ಹೊರಗೆ ಬಿಡಲಿಲ್ಲ. ಪಶ್ಚಿಮ ವರ್ಜೀನಿಯದ ಮರ್ಸರ್ ಕೌಂಟಿಯಲ್ಲಿ 1939ರಿಂದ ಪ್ರಾಥಮಿಕ ಶಾಲೆಗಳಲ್ಲಿ ನಡೆದುಬಂದ ಬೈಬಲ್ ಪಾಠವನ್ನು ತಾಯಿಯೊಬ್ಬರು 2017ರಲ್ಲಿ ಪ್ರಶ್ನಿಸಿದರು. ಆ ವೇಳೆಗೆ ಅವರು ಮಗಳನ್ನು ಪಕ್ಕದ ಜಿಲ್ಲೆಯ ಶಾಲೆಗೆ ಸೇರಿಸಿಯಾಗಿತ್ತು. ಈ ಪಾಠಗಳನ್ನು ನಡೆಸಿದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬಹುಪಾಲು ಮಂದಿ ಮಕ್ಕಳಿಗೆ ಒಳ್ಳೆಯದಾಗಲೆಂದೇ ಬಂದವರಿರಬೇಕು. ಊರೆಲ್ಲ ಒಂದೇ ನಂಬಿಕೆಯದ್ದಾಗಿರುವಾಗ ಹೊರಗುಳಿದ ಒಂದು ಮಗು ಅವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಇನ್ನು ‘ಬೈಬಲ್’ ಎಂಬ ಪದ. ಅದು ಒಂದು ಪುಸ್ತಕದ ಹೆಸರು ಎಂದು ನಾವು ಹೊರಗಿನವರು ಸುಲಭವಾಗಿ ಅಂದುಕೊಳ್ಳುತ್ತೇವೆ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಗ್ರಂಥಗಳಿವೆ, ಕ್ಯಾಥೊಲಿಕರದರಲ್ಲಿ 73. ಯೆಹೂದ್ಯರ ಹೀಬ್ರೂ ಬೈಬಲಿನಲ್ಲಿ ಯೇಸುವಿನ ಕತೆ ಹೇಳುವ ಹೊಸ ಒಡಂಬಡಿಕೆಯೇ ಇಲ್ಲ; ಪ್ರೊಟೆಸ್ಟೆಂಟರು 39 ಎಂದು ಎಣಿಸುವ ಹಳೆಯ ಒಡಂಬಡಿಕೆಯ ಗ್ರಂಥಗಳನ್ನು ಅವರು 24 ಎಂದು ಎಣಿಸುತ್ತಾರೆ, ಜೋಡಿಸುವ ಕ್ರಮವೂ ಬೇರೆ. ಕ್ರೈಸ್ತರ ಹಳೆಯ ಒಡಂಬಡಿಕೆ ಮುಗಿಯುವುದು ಪ್ರವಾದಿ ಮಲಾಕಿಯನಲ್ಲಿ, ಮುಂದೆ ಬರಲಿರುವ ಎಲೀಯನ ವಾಗ್ದಾನದೊಂದಿಗೆ. ಪುಟ ಮಗುಚಿದರೆ ಮತ್ತಾಯನ ಸುವಾರ್ತೆ, ವಾಗ್ದಾನ ಅಲ್ಲಿಯೇ ಈಡೇರುತ್ತಿರುವಂತೆ ತೋರುತ್ತದೆ. ಹೀಬ್ರೂ ಬೈಬಲ್ ಮುಗಿಯುವುದು ಪೂರ್ವಕಾಲವೃತ್ತಾಂತದಲ್ಲಿ, ಸೆರೆಯಲ್ಲಿದ್ದ ಜನರು ಯೆರೂಸಲೇಮಿಗೆ ಹಿಂದಿರುಗಬಹುದು ಎಂಬ ಪಾರಸಿ ದೊರೆ ಕೋರೆಷನ ಘೋಷಣೆಯೊಂದಿಗೆ. ಅವವೇ ಗ್ರಂಥಗಳು, ಆದರೆ ಒಂದು ಜೋಡಣೆ ಮುಂಬರುವವನೊಬ್ಬನ ಕಡೆಗೆ ಕೈತೋರಿಸಿದರೆ ಇನ್ನೊಂದು ಊರಿಗೆ ಮರಳುವ ದಾರಿಯನ್ನು ತೋರಿಸುತ್ತದೆ. ಪಠ್ಯಪುಸ್ತಕದ ಪರಿವಿಡಿಯನ್ನು ಬರೆದ ಕ್ಷಣದಲ್ಲಿಯೇ ಶಿಕ್ಷಕಿ ಅರಿವಿಲ್ಲದೆ ಒಂದು ಪಕ್ಷಕ್ಕೆ ಸೇರಿಹೋಗುತ್ತಾರೆ.

ಅನುವಾದದ ತೊಡಕು ಬೇರೆ. ಯೆಶಾಯನ ಏಳನೆಯ ಅಧ್ಯಾಯದ ಹದಿನಾಲ್ಕನೆಯ ವಚನದಲ್ಲಿ ಗರ್ಭಿಣಿಯಾಗುವವಳು ಪ್ರೊಟೆಸ್ಟೆಂಟರು ಬಳಸುತ್ತ ಬಂದ 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಅನುವಾದದಲ್ಲಿ ಕನ್ಯೆ; ಮೂಲದ ‘ಅಲ್ಮಾ’ ಎಂಬ ಹೀಬ್ರೂ ಪದಕ್ಕೆ 1952ರ ಪರಿಷ್ಕೃತ ಅನುವಾದ ‘ಯುವತಿ’ ಎಂಬ ಅರ್ಥವನ್ನು ಕೊಟ್ಟಾಗ ಸಂಪ್ರದಾಯಸ್ಥರು ಕೆರಳಿದರು. ದಶಾಜ್ಞೆಗಳನ್ನು ಎಣಿಸುವುದರಲ್ಲಿಯೂ ಒಮ್ಮತವಿಲ್ಲ: ಅನ್ಯ ದೇವರುಗಳು ಇರಕೂಡದು ಎಂಬುದನ್ನೂ ವಿಗ್ರಹ ಮಾಡಕೂಡದು ಎಂಬುದನ್ನೂ ಕ್ಯಾಥೊಲಿಕರು ಒಂದೇ ಆಜ್ಞೆಯಾಗಿ ಎಣಿಸುತ್ತಾರೆ, ಬಹುಪಾಲು ಪ್ರೊಟೆಸ್ಟೆಂಟರು ಎರಡಾಗಿ ಬಿಡಿಸುತ್ತಾರೆ, ಯೆಹೂದ್ಯರಿಗೆ ‘ನಾನೇ ನಿನ್ನ ದೇವರು’ ಎಂಬ ಪೀಠಿಕೆಯೇ ಮೊದಲನೆಯದು. ಲೂಯಿಸಿಯಾನ ರಾಜ್ಯ 2024ರಲ್ಲಿ ದಶಾಜ್ಞೆಗಳ ಫಲಕವನ್ನು ಪ್ರತಿ ತರಗತಿಯ ಗೋಡೆಗೂ ತೂಗುಹಾಕಬೇಕೆಂಬ ಕಾನೂನನ್ನು ತಂದಾಗ ಫಲಕದ ಪಠ್ಯವನ್ನೂ ಅಳತೆಯನ್ನೂ ಅದರಲ್ಲೇ ಬರೆದಿಡಬೇಕಾಯಿತು. ಶಾಸಕರು ಕುಳಿತು ಧರ್ಮಗ್ರಂಥದ ಪಾಠಾಂತರವನ್ನು ನಿರ್ಣಯಿಸುವ ಆ ದೃಶ್ಯವನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಸ್ವಲ್ಪ ಭಯವೂ ಆಗುತ್ತದೆ.

ಭಯಕ್ಕೆ ಕಾರಣ ಇತಿಹಾಸದಲ್ಲಿದೆ. ಅಮೆರಿಕದ ಶಾಲೆಗಳಲ್ಲಿ ಬೈಬಲಿನ ಕಾರಣಕ್ಕೆ ಮೊದಲು ರಕ್ತ ಹರಿದದ್ದು ನಾಸ್ತಿಕರಿಗೂ ಭಕ್ತರಿಗೂ ನಡುವಿನ ಜಗಳದಲ್ಲಿ ಅಲ್ಲ, ಕ್ರೈಸ್ತರಿಗೂ ಕ್ರೈಸ್ತರಿಗೂ ನಡುವಿನ ಜಗಳದಲ್ಲಿ. ಫಿಲಡೆಲ್ಫಿಯದ ಕ್ಯಾಥೊಲಿಕ್ ಬಿಷಪ್ ಫ್ರಾನ್ಸಿಸ್ ಕೆನ್ರಿಕ್, ತಮ್ಮ ಮಕ್ಕಳು ಶಾಲೆಯಲ್ಲಿ ಕಿಂಗ್ ಜೇಮ್ಸ್ ಬೈಬಲಿಗೆ ಬದಲಾಗಿ ಕ್ಯಾಥೊಲಿಕರ ಡೂಏ ಬೈಬಲನ್ನು ಓದುವುದಕ್ಕೆ ಅವಕಾಶವಿರಲಿ ಎಂದು ಕೋರಿದರು. ಬೈಬಲನ್ನೇ ಶಾಲೆಯಿಂದ ತೆಗೆಸುತ್ತಿದ್ದಾರೆ ಎಂಬ ವದಂತಿ ಹಬ್ಬಿತು. 1844ರ ಮೇ ಮತ್ತು ಜುಲೈ ತಿಂಗಳುಗಳ ಗಲಭೆಯಲ್ಲಿ ಚರ್ಚುಗಳೂ ಮನೆಗಳೂ ಸುಟ್ಟುಹೋದವು, ಜನ ಸತ್ತರು. 1859ರಲ್ಲಿ ಬಾಸ್ಟನ್ನಿನ ಶಾಲೆಯೊಂದರಲ್ಲಿ ಹತ್ತು ಹನ್ನೊಂದರ ಕ್ಯಾಥೊಲಿಕ್ ಹುಡುಗನೊಬ್ಬ ದಶಾಜ್ಞೆಗಳನ್ನು ಪ್ರೊಟೆಸ್ಟೆಂಟರ ಪಾಠದಂತೆ ಒಪ್ಪಿಸಲಾರೆನೆಂದಾಗ ಶಿಕ್ಷಕ ಅವನ ಅಂಗೈಗಳಿಗೆ ಅರ್ಧ ಗಂಟೆ ಬೆತ್ತದಲ್ಲಿ ಹೊಡೆದ. ನ್ಯಾಯಾಲಯ ಶಿಕ್ಷಕನನ್ನು ಖುಲಾಸೆ ಮಾಡಿತು. 1869ರಲ್ಲಿ ಸಿನ್ಸಿನಾಟಿಯ ಶಾಲಾ ಮಂಡಳಿ ಬೈಬಲ್ ಓದನ್ನು ತಾನಾಗಿಯೇ ಕೈಬಿಡಲು ತೀರ್ಮಾನಿಸಿತು, ಓಹಿಯೋದ ಸುಪ್ರೀಂ ಕೋರ್ಟ್ ಕೊನೆಗೆ ಮಂಡಳಿಯ ಮಾತನ್ನೇ ಎತ್ತಿಹಿಡಿಯಿತು. ಇವೆಲ್ಲ ನಡೆದದ್ದು 1963ಕ್ಕೆ ಸುಮಾರು ಒಂದು ಶತಮಾನ ಮೊದಲು. ‘ಹಿಂದೆಲ್ಲ ಶಾಲೆಯಲ್ಲಿ ಬೈಬಲ್ ಇತ್ತು, ಎಲ್ಲರೂ ಒಂದಾಗಿದ್ದರು’ ಎಂಬ ಹಳಹಳಿಕೆಗೆ ಈ ಊರುಗಳ ಚರಿತ್ರೆಯಲ್ಲಿ ಆಧಾರ ಸಿಗುವುದಿಲ್ಲ.

ಇಷ್ಟಾದ ಮೇಲೂ ನಾನು ‘ಬೇಡ’ ಎಂಬ ಮೊದಲ ಮಾತಿಗೆ ಮರಳಲಿಲ್ಲ. ಕಾರಣ ಲಿಂಕನ್. 1865ರ ಮಾರ್ಚ್ 4ರಂದು, ಅಂತರ್ಯುದ್ಧ ಇನ್ನೇನು ಮುಗಿಯಲಿದ್ದಾಗ, ಎರಡನೆಯ ಬಾರಿ ಅಧಿಕಾರ ಸ್ವೀಕರಿಸುತ್ತ ಅವರು ಮಾಡಿದ ಏಳುನೂರು ಪದಗಳಷ್ಟರ ಚಿಕ್ಕ ಭಾಷಣವನ್ನು ಮಗಳು ಈ ವರ್ಷ ಇತಿಹಾಸದ ಪಾಠದಲ್ಲಿ ಓದಿದ್ದಳು. ಎರಡೂ ಕಡೆಯವರು ಒಂದೇ ಬೈಬಲನ್ನು ಓದಿ ಒಂದೇ ದೇವರಿಗೆ ಮೊರೆಯಿಡುತ್ತಾರೆ ಎನ್ನುವಲ್ಲಿಂದ ಮೊದಲುಗೊಂಡು, ಪರರ ಬೆವರಿನಿಂದ ತಮ್ಮ ರೊಟ್ಟಿಯನ್ನು ಹಿಂಡಿಕೊಳ್ಳುವವರ ಮಾತು ಬರುವಾಗ ಅದು ಆದಿಕಾಂಡದಲ್ಲಿ ಆದಾಮನಿಗೆ ತಟ್ಟಿದ, ಬೆವರು ಸುರಿಸಿಯೇ ರೊಟ್ಟಿ ತಿನ್ನಬೇಕೆಂಬ ಶಾಪವನ್ನು ತಿರುಗಿಸಿ ಹೇಳಿದ ಮಾತು ಎಂಬುದಾಗಲಿ, ತೀರ್ಪುಮಾಡಬೇಡಿ ಎಂಬುದು ಮತ್ತಾಯನಿಂದ, ದೇವರ ತೀರ್ಪು ನ್ಯಾಯವಾದದ್ದು ಎಂಬುದು ಕೀರ್ತನೆಗಳಿಂದ ಬಂದದ್ದೆಂಬುದಾಗಲಿ ಅವಳಿಗೆ ಗೊತ್ತಾಗಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ವಾಷಿಂಗ್ಟನ್ನಿನಲ್ಲಿ ನ್ಯಾಯವು ನೀರಿನಂತೆ ಹರಿದುಬರಲಿ ಎಂದಾಗ ಅಲ್ಲಿ ಮಾತಾಡುತ್ತಿದ್ದವನು ಪ್ರವಾದಿ ಆಮೋಸ; 1968ರ ಏಪ್ರಿಲ್ 3ರ ರಾತ್ರಿ ಮೆಂಫಿಸ್ಸಿನಲ್ಲಿ, ಕೊಲೆಯಾಗುವ ಹಿಂದಿನ ದಿನ, ಬೆಟ್ಟದ ಮೇಲಿಂದ ವಾಗ್ದತ್ತ ದೇಶವನ್ನು ಕಂಡಿದ್ದೇನೆ, ನಿಮ್ಮ ಜೊತೆ ನಾನು ಅಲ್ಲಿಗೆ ತಲುಪದೆ ಇರಬಹುದು ಎಂದಾಗ ಅವರ ಹಿಂದೆ ನಿಂತವನು, ತನ್ನ ಜನರನ್ನು ಕರೆತಂದೂ ಆ ದೇಶವನ್ನು ದೂರದಿಂದಷ್ಟೇ ಕಂಡು ಸತ್ತ, ನೆಬೋ ಬೆಟ್ಟದ ಮೇಲಿನ ಮೋಶೆ. ಮಹಾಭಾರತದ ಕತೆ ಗೊತ್ತಿಲ್ಲದವನಿಗೆ ನಮ್ಮ ಹಳೆಯ ಕಾವ್ಯಗಳ ಅರ್ಧ ಅರ್ಥ ಕೈತಪ್ಪುವಂತೆ ಮೋಶೆಯನ್ನು ಅರಿಯದವರಿಗೆ ಆ ಭಾಷಣದ ಅರ್ಧ ಕೈತಪ್ಪುತ್ತದೆ.

ಅದೇ ಪುಸ್ತಕ ಇನ್ನೊಂದು ಕೈಯಲ್ಲಿ ಏನಾಯಿತೆಂಬುದನ್ನೂ ತರಗತಿ ಹೇಳಬೇಕು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ವೆಸ್ಟ್ ಇಂಡೀಸಿನ ಗುಲಾಮರಿಗಾಗಿ ಸಿದ್ಧವಾದ ಬೈಬಲ್ ಒಂದಿದೆ. ಅದರ ಒಂದು ಪ್ರತಿ ನ್ಯಾಶ್‌ವಿಲ್ಲಿನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿದೆ. ಪ್ರೊಟೆಸ್ಟೆಂಟರ ಬೈಬಲಿನ 1,189 ಅಧ್ಯಾಯಗಳಲ್ಲಿ ಅದರಲ್ಲಿ ಉಳಿದಿರುವುದು 232. ಇಸ್ರಾಯೇಲರು ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ಕತೆಯನ್ನು ಕತ್ತರಿಸಿ ಹಾಕಿದ್ದಾರೆ. ಆದರೆ ದಾಸರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ ಎಂಬ ಭಾಗವನ್ನು ಹಾಗೆಯೇ ಉಳಿಸಿದ್ದಾರೆ. ಯಾವ ಪುಸ್ತಕದಿಂದ ಏನನ್ನು ತೆಗೆದರೆ ಅದು ಏನಾಗುತ್ತದೆ ಎಂಬುದಕ್ಕೆ ಹದಿಹರೆಯದವರಿಗೆ ಕೊಡಬಹುದಾದ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ, ಐಚ್ಛಿಕ ವಿಷಯವಾಗಿ, ಬೈಬಲ್ ಅಧ್ಯಯನ ಇರಬೇಕು. ಪ್ರಾಥಮಿಕ ಶಾಲೆಯಲ್ಲಿ ಇರಕೂಡದು. ಹಾಗೆಯೇ ಅದನ್ನು ರಾಜ್ಯದ ಅಧಿಕಾರಿ ಮೇಲಿನಿಂದ ಹೇರಕೂಡದು. ಹೇರಿದರೆ ಏನಾಗುತ್ತದೆಂಬುದನ್ನು ಒಕ್ಲಹೋಮದಲ್ಲಿ ನೋಡಿದ್ದೇವೆ: ಐದರಿಂದ ಹನ್ನೆರಡನೆಯ ತರಗತಿಯವರೆಗೆ ಬೈಬಲನ್ನು ಪಾಠದಲ್ಲಿ ಸೇರಿಸಬೇಕೆಂದು ರಾಜ್ಯದ ಶಿಕ್ಷಣ ಮುಖ್ಯಸ್ಥ ರಯನ್ ವಾಲ್ಟರ್ಸ್ 2024ರ ಜೂನಿನಲ್ಲಿ ಆದೇಶಿಸಿದರು, ಬಳಿಕ 55,000 ಪ್ರತಿಗಳಿಗೆ ಕರೆದ ಟೆಂಡರಿನಲ್ಲಿ ಅದು ಕಿಂಗ್ ಜೇಮ್ಸ್ ಅನುವಾದವೇ ಆಗಿರಬೇಕು, ಸಂವಿಧಾನ ಮತ್ತು ಸ್ವಾತಂತ್ರ್ಯ ಘೋಷಣೆಯೂ ಅದೇ ರಟ್ಟಿನೊಳಗಿರಬೇಕು, ಹೊದಿಕೆ ಚರ್ಮದ್ದೋ ಚರ್ಮದಂಥದ್ದೋ ಆಗಿರಬೇಕು ಎಂಬ ಷರತ್ತುಗಳಿದ್ದವು. ಮರುವರ್ಷ ಅವರು ಹುದ್ದೆ ಬಿಟ್ಟರು, ಅವರ ಜಾಗಕ್ಕೆ ಬಂದವರು ಆದೇಶವನ್ನು ಹಿಂತೆಗೆದುಕೊಂಡರು. ಇದೆಲ್ಲದರ ನಡುವೆ ಶಿಕ್ಷಕರು ಏನನ್ನು, ಹೇಗೆ ಪಾಠ ಹೇಳಬೇಕೆಂಬ ಚರ್ಚೆಗಿಂತ ರಟ್ಟಿನ ಚರ್ಚೆಯೇ ಹೆಚ್ಚಾಗಿತ್ತು. ನಮ್ಮ ಟೆಕ್ಸಸ್ಸಿನದು ಇನ್ನಷ್ಟು ಮೆಲುವಾದ ದಾರಿ. ಬೈಬಲಿನ ಕತೆಗಳನ್ನೂ ಒಳಗೊಂಡ ಪ್ರಾಥಮಿಕ ತರಗತಿಗಳ ಪಠ್ಯಕ್ರಮವೊಂದನ್ನು ರಾಜ್ಯದ ಶಿಕ್ಷಣ ಮಂಡಳಿ 2024ರ ನವೆಂಬರಿನಲ್ಲಿ ಎಂಟಕ್ಕೆ ಏಳು ಮತಗಳಿಂದ ಒಪ್ಪಿತು. ಬಳಸುವುದು ಕಡ್ಡಾಯವಲ್ಲ, ಆದರೆ ಬಳಸುವ ಶಾಲಾ ಜಿಲ್ಲೆಗೆ ಪ್ರತಿ ವಿದ್ಯಾರ್ಥಿಗೆ 60 ಡಾಲರ್‌ವರೆಗೆ ಹೆಚ್ಚಿನ ಹಣ ದೊರೆಯುತ್ತದೆ. ಕೈಬಿಗಿದು ನಡೆಸುವ ಜಿಲ್ಲೆಗಳಿಗೆ ಅದು ಸಣ್ಣ ಆಮಿಷವಲ್ಲ.

ಹೈಸ್ಕೂಲಿನ ಐಚ್ಛಿಕ ತರಗತಿಯ ಬಗ್ಗೆ ಟೆಕ್ಸಸ್ 2007ರಲ್ಲಿ ಮಾಡಿದ ಕಾನೂನನ್ನು ಮಾತ್ರ ಓದಿ ನಾನು ಆಶ್ಚರ್ಯಪಟ್ಟೆ; ಅದು ನಾನು ನಿರೀಕ್ಷಿಸಿದ್ದಕ್ಕಿಂತ ಬಹಳ ಎಚ್ಚರದಿಂದ ಬರೆದ ಕಾನೂನು. ಒಂದೇ ಅನುವಾದವನ್ನು ಬಳಸಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಯಾವುದೇ ಧರ್ಮದ ಪರವಾಗಿ ಮಾತ್ರವಲ್ಲ, ವಿರುದ್ಧವಾಗಿಯೂ ಪಾಠ ಸಾಗುವಂತಿಲ್ಲ. ಶಿಕ್ಷಕರನ್ನು ಅವರ ನಂಬಿಕೆ ಅಥವಾ ಅಪನಂಬಿಕೆಯ ಆಧಾರದ ಮೇಲೆ ಆರಿಸುವಂತಿಲ್ಲ. ಅವರು ಭಾಷೆಯಲ್ಲೋ ಸಮಾಜ ವಿಜ್ಞಾನದಲ್ಲೋ ಇತಿಹಾಸದಲ್ಲೋ ಅರ್ಹತೆ ಪಡೆದು, ಈ ವಿಷಯಕ್ಕೆಂದೇ ತರಬೇತಿ ಹೊಂದಿರಬೇಕು. ಆದರೆ ಕಾನೂನಿಗೂ ಕೋಣೆಗೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಡಲ್ಲಸ್ಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಚಾನ್ಸಿ ಜಿಲ್ಲೆ ಜಿಲ್ಲೆಗಳಿಂದ ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು ತೋರಿಸಿದರು: ಒಳ್ಳೆಯ ತರಗತಿಗಳೂ ಇದ್ದವು, ಜೊತೆಗೆ, ಮಾನವ ಜನಾಂಗಗಳು ನೋಹನ ಮಕ್ಕಳಿಂದ ಕವಲೊಡೆದವೆಂಬಂಥ ಮಾತುಗಳನ್ನು ಮಕ್ಕಳ ಮುಂದಿಟ್ಟ ಸಾಮಗ್ರಿಯೂ ಇತ್ತು. ಫ್ಲಾರಿಡದ ಲೀ ಕೌಂಟಿಯಲ್ಲಿ 1998ರಲ್ಲಿ ಇಂಥದ್ದೇ ತರಗತಿಯನ್ನು ಪರಿಶೀಲಿಸಿದ ನ್ಯಾಯಾಧೀಶರು ಹಳೆಯ ಒಡಂಬಡಿಕೆಯ ಭಾಗಕ್ಕೆ ಅವಕಾಶ ಕೊಟ್ಟು ಹೊಸ ಒಡಂಬಡಿಕೆಯ ಭಾಗವನ್ನು ತಡೆದರು. ಪುನರುತ್ಥಾನವನ್ನೂ ಪವಾಡಗಳನ್ನೂ ಲೌಕಿಕ ಇತಿಹಾಸವೆಂದು ಪಾಠ ಹೇಳುವ ಬಗೆ ಹೇಗೆಂದು ತಮಗೆ ತಿಳಿಯದು ಎಂದರು.

ನಮ್ಮ ಪರಿಚಯದವರೊಬ್ಬರು ಇದನ್ನೆಲ್ಲ ಕೇಳಿ, “ಬೈಬಲ್ ಒಂದೇ ಯಾಕೆ? ಎಲ್ಲ ಧರ್ಮಗಳನ್ನೂ ಹೇಳಿಕೊಡಲಿ” ಎಂದರು. ಅದು ಸರಿಯಾದ ಮಾತು, ಅದಕ್ಕೆ ಮಾದರಿಯೂ ಇದೆ. ಕ್ಯಾಲಿಫೋರ್ನಿಯದ ಮೊಡೆಸ್ಟೊದಲ್ಲಿ 2000ದಿಂದ ಒಂಬತ್ತನೆಯ ತರಗತಿಯ ಎಲ್ಲರಿಗೂ ವಿಶ್ವ ಧರ್ಮಗಳ ಪಾಠ ಕಡ್ಡಾಯವಾಯಿತು; ಅದರ ಪರಿಣಾಮವನ್ನು ಅಧ್ಯಯನ ಮಾಡಿ 2006ರಲ್ಲಿ ವರದಿ ಮಾಡಿದ ಇಬ್ಬರು ವಿದ್ವಾಂಸರಿಗೆ, ಪಾಠ ಕೇಳಿದ ಮಕ್ಕಳಲ್ಲಿ ಇತರರ ಧಾರ್ಮಿಕ ಹಕ್ಕುಗಳ ಬಗ್ಗೆ ಗೌರವ ಹೆಚ್ಚಿದ್ದು ಕಂಡಿತು, ಯಾರೂ ತಮ್ಮ ಧರ್ಮ ಬಿಟ್ಟು ಹೋದದ್ದು ಕಾಣಲಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಮೊಡೆಸ್ಟೊ ಕಡೆಗೇ ಕೈ ಎತ್ತುತ್ತೇನೆ. ಆದರೆ ಒಂದು ಪುಸ್ತಕವನ್ನು ವರ್ಷವಿಡೀ ಆಳವಾಗಿ ಓದುವುದರಲ್ಲಿ ಹಲವು ಧರ್ಮಗಳನ್ನು ಅಲ್ಲಿಯಂತೆ ಒಂಬತ್ತು ವಾರದಲ್ಲಿ ಸುತ್ತಿಬರುವುದರಲ್ಲಿ ಸಿಗದ ಏನೋ ಇದೆ. ಈ ದೇಶದ ಭಾಷಣ, ಕಾವ್ಯ, ಜಗಳ ಎಲ್ಲದರ ಒಳಗೆ ಇಷ್ಟರ ಮಟ್ಟಿಗೆ ಹೊಕ್ಕಿರುವ ಪುಸ್ತಕವೂ ಇನ್ನೊಂದಿಲ್ಲ.

ತರಗತಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದಕ್ಕೆ ನಾನು ಕಂಡುಕೊಂಡ ಒರೆಗಲ್ಲು ಸ್ವಲ್ಪ ಒರಟಾದದ್ದು: ಆ ತರಗತಿಯಿಂದ ಊರಿನ ಭಕ್ತರ ಮನೆಗಳಲ್ಲಿಯೂ ಆಗಾಗ ಇರುಸುಮುರುಸು ಆಗುತ್ತಿರಬೇಕು. ದೈತ್ಯ ಯೋಧ ಗೊಲ್ಯಾತನನ್ನು ಕೊಂದವನು ದಾವೀದನೆಂದು ಎಲ್ಲರೂ ಬಲ್ಲರು. ಆದರೆ ಸಮುವೇಲನ ಎರಡನೆಯ ಗ್ರಂಥದ ಇಪ್ಪತ್ತೊಂದನೆಯ ಅಧ್ಯಾಯ ಗೊಲ್ಯಾತನನ್ನು ಕೊಂದವನು ಎಲ್ಹಾನಾನನೆನ್ನುತ್ತದೆ, ಪೂರ್ವಕಾಲವೃತ್ತಾಂತ ಎಲ್ಹಾನಾನನು ಕೊಂದದ್ದು ಗೊಲ್ಯಾತನ ತಮ್ಮನನ್ನು ಎಂದು ತಿದ್ದುತ್ತದೆ. ಆದಿಕಾಂಡದ ಮೊದಲೆರಡು ಅಧ್ಯಾಯಗಳಲ್ಲಿ ಸೃಷ್ಟಿಯ ಎರಡು ಕತೆಗಳಿವೆ, ಅವುಗಳ ಕ್ರಮ ಒಂದೇ ಅಲ್ಲ. ಇವನ್ನು ಅಕ್ಕಪಕ್ಕ ಇಟ್ಟು ಓದುವುದು ಯಾವ ವಿಶ್ವವಿದ್ಯಾಲಯದಲ್ಲಾದರೂ ಮೊದಲ ವಾರದ ಕೆಲಸ. ಭಾನುವಾರ ಚರ್ಚಿನಲ್ಲಿ ವಿದ್ಯಾರ್ಥಿಗಳ ತಂದೆತಾಯಂದಿರ ಪಕ್ಕದಲ್ಲೇ ಕೂರುವ ಊರಿನ ಶಿಕ್ಷಕಿಗೆ ಅದು ಸುಲಭದ ಕೆಲಸವಲ್ಲ.

ಹಾಗೆಂದೇ ಮಗಳ ಶಾಲೆಯಲ್ಲಿ ಈ ವಿಷಯವನ್ನು ಪಾಠ ಹೇಳುವ ಶಿಕ್ಷಕಿಗೆ ಒಂದು ಮಿಂಚಂಚೆ ಬರೆದು ವರ್ಷದ ಓದಿನ ಪಟ್ಟಿಯನ್ನು ಕೇಳಿದೆ. ಮೂರನೆಯ ದಿನ ಪಟ್ಟಿ ಬಂತು. ಮೂರು ಅನುವಾದಗಳನ್ನು ಅವರು ಹೆಸರಿಸಿದ್ದರು, ಅದರಲ್ಲಿ ಒಂದು ಯೆಹೂದ್ಯರದು. ಲಿಂಕನ್ ಇದ್ದರು, ಕಿಂಗ್ ಇದ್ದರು. ಹಳೆಯ ಒಡಂಬಡಿಕೆಯ ಭಾಗ ಮಾತ್ರ ಮಲಾಕಿಯನಲ್ಲಿಯೇ ಮುಗಿದಿತ್ತು. ಶೀರ್ಷಿಕೆಯಲ್ಲಿ ಹೀಬ್ರೂ ಧರ್ಮಗ್ರಂಥ ಎಂದಿರುವಾಗ ಕ್ರಮ ಕ್ರೈಸ್ತರದ್ದಾಗಿದೆಯಲ್ಲ ಎಂದು ಮತ್ತೆ ಬರೆದೆ, ಬರೆದ ಮೇಲೆ ಅತಿಯಾಯಿತೇನೋ ಎಂದು ಅಳುಕಿದೆ. ತಾನು ಅದನ್ನು ಈವರೆಗೆ ಯೋಚಿಸಿಯೇ ಇರಲಿಲ್ಲವೆಂದೂ, ಎರಡು ಪರಿವಿಡಿಗಳನ್ನು ಎದುರುಬದುರು ಇಟ್ಟು ಒಂದು ದಿನದ ಪಾಠವನ್ನು ಅದಕ್ಕೇ ಮೀಸಲಿಡುವೆನೆಂದೂ ಅವರು ಉತ್ತರಿಸಿದರು. ಸ್ವಂತ ಪಟ್ಟಿಯ ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರು ಗೊಲ್ಯಾತನ ವಿಷಯದಲ್ಲೂ ಹಿಂಜರಿಯಲಾರರು ಎಂದುಕೊಂಡು ಹಾಳೆಯ ಕೆಳಗೆ ಸಹಿ ಹಾಕಿದೆ.

ಮಗಳು ಇನ್ನೂ ಗುರುತು ಹಾಕಿಲ್ಲ. ಬೈಬಲ್ ತರಗತಿಯೂ ಸಂಖ್ಯಾಶಾಸ್ತ್ರವೂ ಒಂದೇ ಪೀರಿಯಡ್ಡಿಗೆ ಬರುತ್ತವಂತೆ, ಅವಳ ಗೆಳತಿಯರಿಬ್ಬರು ಆಗಲೇ ಸಂಖ್ಯಾಶಾಸ್ತ್ರಕ್ಕೆ ಹೆಸರು ಕೊಟ್ಟಿದ್ದಾರಂತೆ. ಹಾಳೆಯನ್ನು ಹಿಂದಿರುಗಿಸುವುದಕ್ಕೆ ಶುಕ್ರವಾರದವರೆಗೆ ಸಮಯವಿದೆ.